ಊರಾಚೆ ಹುಟ್ಟುತ್ತಿರುವ ಲೇಔಟುಗಳು: ಸರ್ಕಾರ ಯಾವ ಹಂತದಲ್ಲಿ ಕೈ ಹಾಕಬೇಕು? (ಶಿವಮೊಗ್ಗ ಮತ್ತು ಸುತ್ತಮುತ್ತ)

ತುಂಗಾತೀರ:

ಸವಳಂಗ ರಸ್ತೆ, ಸಾಗರ ರಸ್ತೆ, ಹೊಳೆಹೊನ್ನೂರು ರಸ್ತೆ, ಯಾವ ಕಡೆಯಿಂದ ಊರು ದಾಟಿದರೂ ಗದ್ದೆಯಲ್ಲಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಮೊನ್ನೆಮೊನ್ನೆವರೆಗೆ ಭತ್ತ ಬೆಳೆದ ಜಾಗ. ಬದು ಇನ್ನೂ ಪೂರ್ತಿ ಅಳಿದಿಲ್ಲ, ಅಷ್ಟರಲ್ಲೇ ಕೆಂಪು ಮಣ್ಣು ಹೊಡೆಸಿ, ಕಮಾನು ನಿಲ್ಲಿಸಿ, ಫೋನ್ ನಂಬರ್ ಹಾಕಿದ್ದಾರೆ. ಇದರ ಬಗ್ಗೆ ಎಲ್ಲರೂ ಒಂದಿಷ್ಟು ಬೈದು ಸುಮ್ಮನಾಗುತ್ತೇವೆ. ನನಗೆ ಬೈಯುವುದಕ್ಕಿಂತ ಲೆಕ್ಕ ಮುಖ್ಯ ಅನಿಸುತ್ತದೆ.

ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. 3.2 ಕಿ.ಮೀ. ರನ್‌ವೇ, ಎಲ್ಲವೂ ಸರ್ಕಾರದ ಹಣ. ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗ 2016ರಲ್ಲಿ ಆಯ್ಕೆಯಾಗಿ ರಸ್ತೆ, ಕನ್ಸರ್ವೆನ್ಸಿ (ಮನೆಗಳ ಹಿಂಬದಿಯ ಓಣಿ), ಹೊಳೆದಂಡೆ ಅಂತ ಕೆಲಸಗಳಾದವು. ಅದೂ ನಮ್ಮ ತೆರಿಗೆಯ ಹಣವೇ. ಈ ಖರ್ಚಿನಿಂದ ಸುತ್ತಲಿನ ಜಮೀನಿನ ಬೆಲೆ ಏರಿತು. ಏರಿದ ಬೆಲೆಯಲ್ಲಿ ಊರಿಗೆ ಎಷ್ಟು ವಾಪಸ್ ಬಂತು? ಬಹುತೇಕ ಏನೂ ಇಲ್ಲ. ಆ ಲಾಭ ಜಮೀನು ಹಿಡಿದಿಟ್ಟುಕೊಂಡವರಿಗೆ ಹೋಯಿತು. ಹತ್ತು ವರ್ಷದ ನಂತರ ಅದೇ ಲೇಔಟಿಗೆ ಚರಂಡಿ, ನೀರಿನ ಪೈಪು, ಬೀದಿದೀಪ ಹಾಕಿಸುವ ಖರ್ಚು ಮತ್ತೆ ನಮ್ಮ ತಲೆಗೇ ಬರುತ್ತದೆ.

ನನ್ನ ಅಭಿಪ್ರಾಯ ನೇರವಾಗಿದೆ. ಸರ್ಕಾರ ಲೇಔಟ್ ಆದಮೇಲೆ ಬರಬಾರದು, ಕಲ್ಲು ನೆಡುವ ಮೊದಲೇ ಬರಬೇಕು. ಸೈಟು ಮಾಡುವುದು ಸರ್ಕಾರದ ಕೆಲಸ ಅಲ್ಲದಿರಬಹುದು. ರಸ್ತೆ ಎಲ್ಲಿ ಹಾಯಬೇಕು, ಮಳೆ ನೀರು ಎಲ್ಲಿ ಹರಿಯಬೇಕು ಅನ್ನುವುದನ್ನು ಮೊದಲೇ ನೆಲದ ಮೇಲೆ ಗುರುತು ಮಾಡುವುದು ಮಾತ್ರ ಅದರ ಕೆಲಸವೇ. ನೀವೇನಂತೀರಿ?

ಹಳೆ ಸರ್ವೆಯರ್:

ಲೆಕ್ಕ ಕೇಳಿದಿರಲ್ಲ, ಕೊಡ್ತೀನಿ. ರೇಟುಗಳು ಉದಾಹರಣೆಗೆ ಇಟ್ಟುಕೊಂಡದ್ದು, ನಿಮ್ಮ ಕಡೆಯ ರೇಟು ಹಾಕಿ ನೋಡಿ, ಪ್ರಮಾಣ ಹೀಗೇ ಬರುತ್ತೆ.

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಅಪ್ರೂವ್ಡ್ ಲೇಔಟಿನಲ್ಲಿ ರಸ್ತೆ, ಪಾರ್ಕು, ಸಿ.ಎ. ಸೈಟು (ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯದ ಜಾಗ) ಬಿಟ್ಟು ಮಾರಾಟಕ್ಕೆ 55 ಪರ್ಸೆಂಟ್ ಉಳೀತು ಅಂತಿಟ್ಟುಕೊಳ್ಳಿ. 23,958 ಚದರ ಅಡಿ, ಅಂದರೆ 30×40ರ ಸುಮಾರು ಇಪ್ಪತ್ತು ಸೈಟು. ಅದೇ ಎಕರೆಯನ್ನು ಅಲಿನೇಷನ್ನೂ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಇಲ್ಲದೆ, ಪ್ಲಾನೂ ಇಲ್ಲದೆ ತುಂಡು ಮಾಡಿದರೆ ಸಣ್ಣ ಮಣ್ಣು ರಸ್ತೆ ಬಿಟ್ಟು 75 ಪರ್ಸೆಂಟ್ ಮಾರಬಹುದು. 32,670 ಅಡಿ, ಇಪ್ಪತ್ತೇಳು ಸೈಟು. ಇದನ್ನೇ ರೆವಿನ್ಯೂ ಸೈಟು ಅನ್ನೋದು.

ಎಕರೆಗೆ 1 ಕೋಟಿ ಅಂತ ಹಿಡಿಯಿರಿ. ಅಪ್ರೂವ್ಡ್‌ನಲ್ಲಿ ಮಾರಾಟದ ಪ್ರತಿ ಅಡಿಗೆ ಜಮೀನಿನ ಬೆಲೆ 417 ರೂಪಾಯಿ, ರೆವಿನ್ಯೂ ಸೈಟಿನಲ್ಲಿ 306. ಇನ್ನು ಅಪ್ರೂವ್ಡ್‌ನವರು ಟಾರು, ಬಾಕ್ಸ್ ಚರಂಡಿ, ಯುಜಿಡಿ (ಒಳಚರಂಡಿ), ಓವರ್‌ಹೆಡ್ ಟ್ಯಾಂಕು, ಟ್ರಾನ್ಸ್‌ಫಾರ್ಮರು, ಫೀಸು ಎಲ್ಲ ಸೇರಿ ಎಕರೆಗೆ 60 ಲಕ್ಷ ಹಾಕಿದರೆ ಅಡಿಗೆ 250. ಫೈಲು ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿ, ಕೆಲಸ ಮುಗಿದು, ಸೈಟು ಬಿಡುಗಡೆ ಆಗುವಷ್ಟರಲ್ಲಿ ಮೂರು ವರ್ಷ ಆಯಿತು ಅನ್ನಿ. ಜಮೀನಿಗೆ ಹಾಕಿದ 1 ಕೋಟಿಗೆ ನೂರಕ್ಕೆ 12ರಂತೆ ಬರೀ ಸರಳ ಬಡ್ಡಿಯೇ 36 ಲಕ್ಷ, ಅಡಿಗೆ 150. ಒಟ್ಟು 817. ರೆವಿನ್ಯೂ ಸೈಟಿನವನಿಗೆ ಮಣ್ಣು ಹೊಡೆಸಲು 10 ಲಕ್ಷ, ಆರು ತಿಂಗಳ ಬಡ್ಡಿ 6 ಲಕ್ಷ. ಎಲ್ಲ ಸೇರಿ ಅಡಿಗೆ 355 ದಾಟುವುದಿಲ್ಲ. 30×40ಕ್ಕೆ ವ್ಯತ್ಯಾಸ ಐದೂವರೆ ಲಕ್ಷ.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಬಡ್ಡಿಯ 150 ರೂಪಾಯಿಯಿಂದ ರೈತನಿಗೂ ಲಾಭ ಇಲ್ಲ, ಕೊಳ್ಳುವವನಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ತಡ ಮಾಡಿದ್ದಕ್ಕೆ ಕಟ್ಟುವ ದಂಡ ಅದು. ಎರಡನೇದು ಇನ್ನೂ ಮುಖ್ಯ. ಕಾನೂನು ಎಲ್ಲರಿಗೂ ಒಂದೇ ಆಗಿದ್ದರೆ ಲೇಔಟ್ ಮಾಡುವವರೆಲ್ಲ ಈ ಖರ್ಚು ಕಳೆದೇ ಜಮೀನಿಗೆ ರೇಟು ಕೂಗುತ್ತಿದ್ದರು, ಜಮೀನಿನ ಬೆಲೆ ಅಷ್ಟು ಇಳಿಯುತ್ತಿತ್ತು. ಪಕ್ಕದಲ್ಲೇ ಒಬ್ಬ ಯಾವ ಖರ್ಚೂ ಇಲ್ಲದೆ ಮಾರುತ್ತಿದ್ದರೆ ರೈತ ಜಾಸ್ತಿ ಕೊಡುವ ಅವನಿಗೇ ಕೊಡುತ್ತಾನೆ. ನಿಯಮ ಪಾಲಿಸುವವನಿಗೆ ಜಮೀನೇ ಸಿಗುವುದಿಲ್ಲ. ಅರ್ಧ ಜಾರಿಯಾದ ಕಾನೂನಿಂದ ಏಟು ತಿನ್ನುವವನು ಕಾನೂನು ಪಾಲಿಸಿದವನೇ.

ಮಣ್ಣು ರಸ್ತೆ ಮನೆ:

ಸರ್ವೆಯರ್ ಸರ್, ನಿಮ್ಮ ಐದೂವರೆ ಲಕ್ಷದ ಆಚೆ ಬದಿಯಲ್ಲಿ ಇರುವವರು ನಾವು. ನಮ್ಮದು ರೆವಿನ್ಯೂ ಸೈಟು. ನನ್ನ ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡ್ತಾರೆ, ನಾನು ಬಟ್ಟೆ ಹೊಲೀತೀನಿ. ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕು ಸಾಲ ಕೊಡಲ್ಲ. ಅಪ್ರೂವ್ಡ್ ಸೈಟಿನವರು ಮೂರು ತಿಂಗಳಲ್ಲಿ ಪೂರ್ತಿ ದುಡ್ಡು ಕೇಳ್ತಾರೆ. ನಮಗೆ ಮಾರಿದವರು ಕಂತು ಮಾಡಿಕೊಟ್ಟರು. ಚೀಟಿ ಎತ್ತಿ, ಸ್ವಸಹಾಯ ಸಂಘದಲ್ಲಿ ಸಾಲ ತಗೊಂಡು ಕಟ್ಟಿದ್ವಿ. ಕೈಯಲ್ಲಿದ್ದ ದುಡ್ಡಿಗೆ ಈ ಊರಲ್ಲಿ ಸಿಕ್ಕಿದ್ದು ಅದೊಂದೇ.

ಈಗ ಹೇಗಿದೆ ಅಂದರೆ, ಯುಜಿಡಿ ಇಲ್ಲ, ಮನೆಮನೆಗೂ ಶೌಚದ ಪಿಟ್ಟು. ಪಿಟ್ಟಿಂದ ಬೋರಿಗೆ ಎಷ್ಟು ದೂರ ಇರಬೇಕು ಅಂತ ಯಾರೂ ನೋಡಿಲ್ಲ. 30×40ರಲ್ಲಿ ಎರಡೂ ಇರಬೇಕಂದ್ರೆ ಎಲ್ಲಿ ದೂರ ಬಿಡೋದು? ಜುಲೈ ಬಂತಂದ್ರೆ ಸ್ಕೂಲ್ ವ್ಯಾನು ಟಾರು ಮುಗಿಯೋ ಕಡೆಯೇ ನಿಲ್ಲುತ್ತೆ. ಅಲ್ಲಿಂದ ಮನೆವರೆಗೆ ನಾವೇ ಹೆಂಚಿನ ಚೂರು, ಇಟ್ಟಿಗೆ ಪುಡಿ ಹಾಕಿಕೊಂಡಿದ್ದೀವಿ. ಶೂ ಚೀಲದಲ್ಲಿಟ್ಟುಕೊಂಡು, ಟಾರಿಗೆ ಹೋದಮೇಲೆ ಕಾಲು ತೊಳೆದು ಹಾಕ್ಕೊಳ್ತಾವೆ ಮಕ್ಕಳು.

ರೆವಿನ್ಯೂ ಸೈಟು ತಗೊಂಡವರೆಲ್ಲ ಕಾನೂನು ಮುರಿಯೋಕೆ ಹೊರಟವರು ಅನ್ನೋ ಹಾಗೆ ಮಾತಾಡಬೇಡಿ. ಅಗ್ಗದ, ಸಕ್ರಮವಾದ, ಸಣ್ಣ ಸೈಟು ಈ ಊರಲ್ಲಿ ಎಲ್ಲಿದೆ? 20×30 ಯಾರು ಮಾಡ್ತಿದ್ದಾರೆ? ಅದನ್ನ ಹೇಳಿ ಮೊದಲು.

ಹಳೆ ಸರ್ವೆಯರ್:

ಅಕ್ಕ, ನೀವು ಹೇಳಿದ್ದು ನ್ಯಾಯ. ಕೊಂಡವರ ಮೇಲೆ ನನ್ನ ಆರೋಪ ಇಲ್ಲ. ಸಣ್ಣ ಸೈಟಿನ ಪ್ರಶ್ನೆಗೆ ಉತ್ತರ ಕೊಡದ ಯಾವ ನಿಯಮವೂ ನೆಲದಲ್ಲಿ ನಿಲ್ಲಲ್ಲ.

ಗದ್ದೆ ಬಯಲು:

ಎಲ್ಲರೂ ಗದ್ದೆ ಹೋಯ್ತು ಗದ್ದೆ ಹೋಯ್ತು ಅಂತೀರಿ ಮಾರಾಯ್ರೆ, ಗದ್ದೆ ಮಾಡಿ ನೋಡಿದೀರಾ? ನಾಟಿಗೆ ಜನ ಇಲ್ಲ. ಸುತ್ತ ಲೇಔಟ್ ಆದಮೇಲೆ ಚಾನಲ್ ನೀರು ಕೊನೆ ಗದ್ದೆಗೆ ಬರೋದಿಲ್ಲ, ಮಧ್ಯದಲ್ಲಿ ಯಾರೋ ಕಾಲುವೆ ಮುಚ್ಚಿರ್ತಾರೆ. ಪ್ಲಾಸ್ಟಿಕ್ಕು, ಬಾಟಲಿ ಗಾಜು ಎಲ್ಲ ಗದ್ದೆಗೆ. ಟಿಲ್ಲರ್ ಇಳಿಸಿದವನ ಕಾಲು ಕುಯ್ಯುತ್ತೆ. ನಾಲ್ಕು ಕಡೆ ಮನೆ ಬಂದಮೇಲೆ ನಡುವೆ ಒಬ್ಬ ಎಷ್ಟು ದಿನ ಭತ್ತ ಬೆಳೀತಾನೆ?

ಇನ್ನು ಸರ್ಕಾರ ಬರಲಿ ಅಂತೀರಿ. ನಮಗೆ ಸರ್ಕಾರ ಬರೋದು ಅಂದ್ರೆ ನೋಟಿಫಿಕೇಶನ್. ಒಂದು ಸಲ ಭೂಸ್ವಾಧೀನ ಅಂತ ಪ್ರಕಟಣೆ ಆಯ್ತೋ, ಮಾರೋ ಹಾಗಿಲ್ಲ, ಸಾಲ ಹುಟ್ಟಲ್ಲ, ಅಡಿಕೆ ಸಸಿ ಇಡೋಕೂ ಧೈರ್ಯ ಬರಲ್ಲ. 2013ರ ಕಾಯ್ದೆ ಬಂದಮೇಲೆ ಪಟ್ಟಣದ ಒಳಗೆ ಮಾರುಕಟ್ಟೆ ಬೆಲೆಯ ಎರಡರಷ್ಟು, ಹಳ್ಳಿ ಕಡೆ ನಾಲ್ಕರಷ್ಟರವರೆಗೆ ಕೊಡಬಹುದು ಅಂತಿದೆ, ಖರೆ. ಆದರೆ ಮಾರುಕಟ್ಟೆ ಬೆಲೆ ಅಂತ ಅವರು ನೋಡೋದು ಸರ್ಕಾರದ ಮಾರ್ಗಸೂಚಿ ದರ, ಇಲ್ಲಾ ರಿಜಿಸ್ಟರ್ ಆದ ಪತ್ರಗಳ ಬೆಲೆ. ಪತ್ರದಲ್ಲಿ ಎಲ್ಲರೂ ಬರೆಸೋದು ಎಷ್ಟು ಅಂತ ಗೊತ್ತಲ್ಲ. ಅದರ ಎರಡು ಪಟ್ಟು ಕೊಟ್ಟರೂ ನಿಜ ಬೆಲೆ ಮುಟ್ಟಲ್ಲ.

ಈ ಜಿಲ್ಲೆಯಲ್ಲಿ ಭೂಮಿ ಬಂದದ್ದು ಹೋರಾಟದಿಂದ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಆದದ್ದು ಸಾಗರ ತಾಲೂಕಿನಲ್ಲಿ. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ನಮ್ಮಂಥ ಗೇಣಿದಾರರ ಮನೆಗೆ ಪಹಣಿ ಬಂತು. ಅಂಥ ಎರಡು ಎಕರೆಯಲ್ಲಿ ಪಾರ್ಕು ನನ್ನ ಗದ್ದೆಯಲ್ಲಿ, ಸೈಟು ಪಕ್ಕದವನ ಗದ್ದೆಯಲ್ಲಿ ಅಂತ ಯಾರೋ ನಕ್ಷೆಯಲ್ಲಿ ಹಸಿರು ಬಣ್ಣ ಹೊಡೆದರೆ ಒಪ್ಪಬೇಕಾ?

ತುಂಗಾತೀರ:

ಅಣ್ಣ, ಒಪ್ಪಬೇಕಿಲ್ಲ. ನೀವು ಹೇಳಿದ ಆ ಹಸಿರು ಬಣ್ಣದ ಅನ್ಯಾಯಕ್ಕೇ ಒಂದು ಪರಿಹಾರ ಇದೆ. ಗುಜರಾತಿನಲ್ಲಿ ಟೌನ್ ಪ್ಲಾನಿಂಗ್ ಸ್ಕೀಂ ಅಂತ ಮಾಡುತ್ತಾರೆ, 1976ರ ಅವರ ಕಾಯ್ದೆಯಲ್ಲಿದೆ. ನೂರಾರು ಎಕರೆಯ ಎಲ್ಲ ಮಾಲೀಕರ ಜಮೀನನ್ನೂ ಒಟ್ಟಿಗೆ ಒಂದು ನಕ್ಷೆಯಲ್ಲಿ ತೆಗೆದುಕೊಳ್ಳುತ್ತಾರೆ. ರಸ್ತೆ, ಪಾರ್ಕು, ಶಾಲೆ, ಬಡವರ ಮನೆಗೆ ಅಂತ ಪ್ರತಿಯೊಬ್ಬರಿಂದಲೂ ಹೆಚ್ಚುಕಡಿಮೆ ಒಂದೇ ಪ್ರಮಾಣ, ಸಾಮಾನ್ಯವಾಗಿ ಶೇ 40ರ ಆಸುಪಾಸು, ಕಳೆಯುತ್ತಾರೆ. ಉಳಿದದ್ದು ಚೌಕಾಕಾರದ, ರಸ್ತೆಗೆ ಮುಖ ಮಾಡಿದ ಜಾಗವಾಗಿ ಅದೇ ಮಾಲೀಕನಿಗೆ ವಾಪಸ್. ಮಾರುವುದು, ಇಟ್ಟುಕೊಳ್ಳುವುದು ಅವನ ಇಷ್ಟ. ಅಹಮದಾಬಾದಿನ 76 ಕಿ.ಮೀ. ರಿಂಗ್ ರೋಡಿಗೆ ಬಹಳಷ್ಟು ಜಾಗ ಹೀಗೆ ಸಿಕ್ಕಿತು. ಯಾರೊಬ್ಬನ ಗದ್ದೆಯೂ ಪೂರ್ತಿ ಪಾರ್ಕಾಗುವುದಿಲ್ಲ.

ನಮ್ಮ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಒಂದು ಅಧ್ಯಾಯವೇ ಇದೆ. ಹೊಸ ಕಾನೂನು ಬೇಕಾಗಿಲ್ಲ, ಬಳಸುವ ಮನಸ್ಸು ಬೇಕು.

ಗದ್ದೆ ಬಯಲು:

ಕೇಳೋಕೆ ಸರಿ ಇದೆ. ಮೈಸೂರಿನಲ್ಲಿ ಜಮೀನು ಕೊಟ್ಟವರಿಗೆ ಅಭಿವೃದ್ಧಿ ಮಾಡಿದ ಜಾಗದ ಅರ್ಧ ವಾಪಸ್, 50:50 ಅಂತ ಮಾಡಿ 2024ರಲ್ಲಿ ಎಂತ ಗಲಾಟೆ ಆಯ್ತು ನೋಡಿದೀವಿ. ಯಾರಿಗೆ ಯಾವ ಬಡಾವಣೆಯಲ್ಲಿ ಸೈಟು ಅಂತ ಮುಚ್ಚಿದ ಬಾಗಿಲ ಹಿಂದೆ ತೀರ್ಮಾನ ಆದ್ರೆ ನಾನು ಸಹಿ ಹಾಕಲ್ಲ. ನನ್ನ ಗದ್ದೆ ಇದ್ದ ಜಾಗದಲ್ಲೇ ಅಥವಾ ಅದರ ಪಕ್ಕದಲ್ಲೇ ವಾಪಸ್ ಬರಬೇಕು. ಎಲ್ಲರ ಹೆಸರು, ಸರ್ವೆ ನಂಬರು, ಹೋದದ್ದೆಷ್ಟು ಬಂದದ್ದೆಷ್ಟು, ಪಂಚಾಯ್ತಿ ಗೋಡೆ ಮೇಲೆ ಅಂಟಿಸಬೇಕು. ಹಾಗಿದ್ರೆ ಮಾತಾಡಬಹುದು.

ಲೇಔಟ್ ಕೆಲಸ:

ನಾನು ಸೈಟು ಮಾಡಿ ಮಾರುವ ವ್ಯಾಪಾರದಲ್ಲೇ ಇರುವವನು. ಅಪ್ರೂವ್ಡ್ ಮಾತ್ರ ಮಾಡ್ತೀನಿ. ಸರ್ವೆಯರ್ ಸಾಹೇಬರು ಕೊಟ್ಟ ಲೆಕ್ಕದಲ್ಲಿ ಬಡ್ಡಿಯ ಭಾಗ ನನಗೆ ಪ್ರತಿ ತಿಂಗಳೂ ಕಣ್ಣಿಗೆ ಹೊಡೆಯುತ್ತೆ. ಒಂದು ಇಲಾಖೆ ಎನ್‌ಒಸಿ ಕೊಡುವಾಗ ಇನ್ನೊಂದರ ಎನ್‌ಒಸಿ ಅವಧಿ ಮುಗಿದಿರುತ್ತೆ. ಸರ್ಕಾರ ಹೆಚ್ಚು ಮಧ್ಯಪ್ರವೇಶ ಮಾಡಬೇಕು ಅನ್ನುವವರು ಇದನ್ನೂ ಯೋಚಿಸಿ. ಹೊಸ ನಿಯಮ ಒಂದು ಬಂದರೆ ಅದನ್ನು ಪಾಲಿಸುವ ನನಗೆ ಖರ್ಚು ಏರುತ್ತೆ, ಪಾಲಿಸದವನಿಗೆ ಏನೂ ಆಗಲ್ಲ. ನಗರದಂಚಿನಲ್ಲಿ ವಸತಿಗೆ ಅಂತ ಬಿಟ್ಟ ಜಾಗ ಕಮ್ಮಿ ಮಾಡಿದರೆ, ಬಿಟ್ಟ ಆ ಸ್ವಲ್ಪ ಜಾಗದ ಬೆಲೆ ಆಕಾಶಕ್ಕೆ ಹೋಗುತ್ತೆ, ಜನ ಗಡಿ ದಾಟಿ ಪಂಚಾಯ್ತಿ ಜಾಗಕ್ಕೆ ಹೋಗ್ತಾರೆ.

500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಅಂದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಲೇಬೇಕು, 2016ರ ಕಾಯ್ದೆ ಹೇಳುತ್ತೆ. ಅಂದರೆ ಮೂರು ಎಕರೆ ರೆವಿನ್ಯೂ ಲೇಔಟಿಗೆ ಬೋರ್ಡ್ ಹಾಕುವುದೇ ತಪ್ಪು. ಆ ಬೋರ್ಡಿನಲ್ಲಿ ಫೋನ್ ನಂಬರ್ ಇರುತ್ತಲ್ಲ, ಹಿಡಿಯೋದು ಕಷ್ಟವಾ?

20×30 ಕೇಳಿದ ಅಕ್ಕನಿಗೆ: ಸಣ್ಣ ಸೈಟು ಮಾಡಿದರೆ ರಸ್ತೆ ಜಾಸ್ತಿ ಬೇಕು, ಮಾರುವ ಜಾಗ ಇನ್ನೂ ಕಮ್ಮಿಯಾಗುತ್ತೆ. ಸಣ್ಣ ಸೈಟಿರುವ ಕಡೆ ರಸ್ತೆ ಅಗಲದಲ್ಲಿ ಸ್ವಲ್ಪ ರಿಯಾಯಿತಿ, ಫೀಸಿನಲ್ಲಿ ರಿಯಾಯಿತಿ ಕೊಟ್ಟರೆ ನಾಳೆಯೇ ಮಾಡ್ತೀನಿ. ಇದು ಮಾತಿಗೆ ಹೇಳ್ತಿಲ್ಲ.

ತೆರಿಗೆ ಪುಸ್ತಕ:

ಚರ್ಚೆಗೆ ಒಂದು ಸೇರ್ಪಡೆ. ಸೈಟು ಕೊಳ್ಳುವಾಗ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಮನೆ ಕಟ್ಟಬೇಕೆಂದು ಕೊಳ್ಳುವವನ ಮೇಲೆ ಇಷ್ಟು ಭಾರ. ಕೊಂಡು ಹತ್ತು ವರ್ಷ ಪಾರ್ಥೇನಿಯಂ ಬೆಳೆಸಿ ಇಟ್ಟುಕೊಂಡವನ ಮೇಲೆ ವರ್ಷಕ್ಕೆ ಬೀಳುವ ಖಾಲಿ ನಿವೇಶನದ ತೆರಿಗೆ, ಏರುವ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಬಳಸುವವನಿಗೆ ಭಾರ, ಕೂಡಿಡುವವನಿಗೆ ಹಗುರ ಆದಾಗ ಲೇಔಟಿನಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಪೈಪು, ತಂತಿ, ರಸ್ತೆ ಎಲ್ಲ ಆ ಖಾಲಿ ಸೈಟುಗಳನ್ನು ದಾಟಿ ದೂರದ ಮನೆಗೆ ಹೋಗಬೇಕು, ಆ ಖರ್ಚು ಎಲ್ಲರದು.

ಇನ್ನೊಂದು: 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ ಸುಮಾರು 3.2 ಲಕ್ಷ. ಜನಸಂಖ್ಯೆ ಒಂದರಿಂದ ಹತ್ತು ಲಕ್ಷದೊಳಗಿನ ಊರಿನ ಗಡಿಯಿಂದ 6 ಕಿ.ಮೀ. ಒಳಗಿನ ಕೃಷಿ ಜಮೀನು ಮಾರಿದರೆ ಲಾಭದ ಮೇಲೆ ಆದಾಯ ತೆರಿಗೆ ಇದೆ, ಅದರಾಚೆಯ ಕೃಷಿ ಜಮೀನಿಗೆ ಇಲ್ಲ. ಊರು ಹತ್ತಿರ ಹತ್ತಿರ ಬೆಳೆಯುವ ಬದಲು ದೂರಕ್ಕೆ ಜಿಗಿಯಲು ಇದೂ ಒಂದು ಪ್ರೇರಣೆ.

ಹೊಳೆ ಕೇರಿ:

ನಾನು ತಗ್ಗಿನ ಕೇರಿಯವಳು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ವಿದ್ಯಾನಗರ, ಕುಂಬಾರಗುಂಡಿ, ಇಮಾಂಬಾಡ ಎಲ್ಲ ಕಡೆ ನೀರು. ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ಹಾಸಿಗೆ ಎಲ್ಲ ಮೂರು ದಿನ ಕೆಸರಲ್ಲಿ. ಹೊಳೆ ಉಕ್ಕಿದ್ದು ಮೇಲಿನ ಮಳೆಗೆ, ಅದು ಗೊತ್ತು. ಆದರೆ ಹೊಳೆ ಉಕ್ಕದ ವರ್ಷವೂ ಈಗ ಒಂದು ತಾಸು ಜೋರು ಮಳೆಗೆ ನಮ್ಮ ಚರಂಡಿ ಹಿಂದಕ್ಕೆ ಹೊಡೆಯುತ್ತೆ. ಮೊದಲು ಹೀಗಿರಲಿಲ್ಲ.

ಯಾಕೆ ಅಂದರೆ ಮೇಲ್ಗಡೆ ಗದ್ದೆಗಳಿದ್ದಾಗ ಒಂದೊಂದು ಮಡಿಯೂ ಗೇಣುದ್ದ ನೀರು ಹಿಡಿದಿಟ್ಟು ನಿಧಾನವಾಗಿ ಬಿಡ್ತಿತ್ತು. ಗದ್ದೆಯಿಂದ ಗದ್ದೆಗೆ, ಗದ್ದೆಯಿಂದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ಈಗ ಒಂದೊಂದು ಲೇಔಟಿನವರು ತಮ್ಮ ಜಾಗವನ್ನು ಮೂರು ಅಡಿ ಎತ್ತರಿಸಿ, ತಮ್ಮ ಗಡಿವರೆಗೆ ಚರಂಡಿ ಮಾಡಿ ಬಿಡ್ತಾರೆ. ಗಡಿ ದಾಟಿದ ನೀರು ಯಾರದ್ದು? ಒಂದು ಲೇಔಟು ಒಂಟಿಯಾಗಿ ನೋಡಿದರೆ ಕಾನೂನುಬದ್ಧ. ಹತ್ತು ಲೇಔಟಿನ ನೀರು ಒಟ್ಟಿಗೆ ಬರೋದು ನಮ್ಮ ಬಾಗಿಲಿಗೆ. ಅಪ್ರೂವ್ಡು, ರೆವಿನ್ಯೂ ಅನ್ನೋ ವ್ಯತ್ಯಾಸ ನಮಗಿಲ್ಲ, ಎರಡರ ನೀರೂ ಒಂದೇ ಚರಂಡಿಗೆ. ಇಲ್ಲಿ ಸರ್ಕಾರ ಬೇಕೇಬೇಕು, ಯಾಕಂದ್ರೆ ಬೇರೆ ಯಾರಿಗೂ ಪೂರ್ತಿ ಹಳ್ಳ ಕಾಣಲ್ಲ.

ಕಾಗದನಗರ:

ಭದ್ರಾವತಿಯಿಂದ. ನಗರಾಭಿವೃದ್ಧಿ ಪ್ರಾಧಿಕಾರ ಎರಡೂ ಊರಿಗೆ ಒಂದೇ, ಪರಿಸ್ಥಿತಿ ಪೂರ್ತಿ ಉಲ್ಟಾ. ಎಂಪಿಎಂ ಕಾಗದ ಕಾರ್ಖಾನೆ ನಿಂತಮೇಲೆ ಕ್ವಾರ್ಟರ್ಸುಗಳು ಖಾಲಿ, ಕಿಟಕಿ ಬಾಗಿಲು ಹೋಗಿ ಗಿಡ ಬೆಳೆದಿದೆ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುತ್ತೆ, ಇಲ್ಲ ತೆರೆಯುತ್ತೆ ಅನ್ನೋ ಮಾತಲ್ಲೇ ವರ್ಷಗಳು ಹೋದವು. ಇಲ್ಲಿ ರಸ್ತೆ ಇದೆ, ನೀರಿದೆ, ಶಾಲೆ ಇದೆ, ಮರದ ನೆರಳಿದೆ. ಹದಿನೆಂಟು ಕಿಲೋಮೀಟರ್ ಆಚೆ ಗದ್ದೆ ತುಂಬಿ ಹೊಸದಾಗಿ ಇವನ್ನೆಲ್ಲ ಮಾಡ್ತಿದ್ದಾರೆ. ನೀವೆಲ್ಲ ಸೈಟಿನ ಬಗ್ಗೆ ಮಾತಾಡ್ತಿದ್ದೀರಿ, ನಾನು ಕೆಲಸದ ಬಗ್ಗೆ ಹೇಳ್ತೀನಿ. ಜನ ಕೆಲಸ ಇದ್ದಲ್ಲಿ ಮನೆ ಹುಡುಕ್ತಾರೆ. ಭದ್ರಾವತಿಗೆ ನಾಲ್ಕು ಕಾರ್ಖಾನೆ ಬಂದರೆ, ಎರಡೂರ ನಡುವೆ ಅರ್ಧ ಗಂಟೆಗೊಂದು ರೈಲು ಓಡಿದರೆ, ಶಿವಮೊಗ್ಗದ ಅಂಚಿನ ಒತ್ತಡ ತಾನಾಗಿ ಇಳಿಯುತ್ತೆ. ಅದಕ್ಕೆ ಲೇಔಟ್ ನಿಯಮ ಯಾವುದೂ ಬೇಡ.

ಶರಾವತಿ ಹಿನ್ನೀರು:

ಸಾಗರದ ಕಡೆ ಇನ್ನೊಂದು ಥರ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದ್ದಾರೆ, ಕಾಡು ಜಾಗದಲ್ಲಿ ಕೂರಿಸಿ ಕಾಗದ ಕೊಡಲಿಲ್ಲ. ಅದೇ ದಾರಿಯಲ್ಲಿ ಗುಡ್ಡ ನೆಟ್ಟಗೆ ಕಡಿದು ರೆಸಾರ್ಟು ಏಳುತ್ತೆ. ಮಣ್ಣು ಯಾವ ಇಳಿಜಾರಿನವರೆಗೆ ಕಡಿಯಬಹುದು ಅಂತ ಒಂದು ಮಾತು ಕಾನೂನಾಗಿ ಬರಲಿ, ಬಯಲಿನ ನಿಯಮವನ್ನೇ ಗುಡ್ಡಕ್ಕೂ ಹಾಕಬೇಡಿ. ಇಷ್ಟು ಹೇಳಬೇಕಿತ್ತು.

ಹಳೆ ಸರ್ವೆಯರ್:

ಸಕ್ರಮದ ವಿಷಯ ಯಾರೂ ಎತ್ತಲಿಲ್ಲ, ಎತ್ತಲೇಬೇಕು. ನಿಯಮ ಮೀರಿದ ಸೈಟು, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮಕ್ಕೆ 2014ರಲ್ಲಿ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ರಾಜ್ಯದ ಎಲ್ಲ ಪಟ್ಟಣಗಳಲ್ಲೂ ಬಿ ಖಾತಾ (ಅನುಮೋದನೆ ಇಲ್ಲದ ಸೈಟು, ಮನೆಗಳಿಗೆ ಕೊಡುವ ತೆರಿಗೆ ಖಾತೆ) ಅಭಿಯಾನ ಶುರುವಾಯಿತು. ಮನೆ ಕಟ್ಟಿಕೊಂಡು ಕೂತ ಕುಟುಂಬಗಳಿಗೆ ಇದು ಬೇಕಾಗಿತ್ತು, ನಾನು ವಿರೋಧಿಸಲ್ಲ. ಆದರೆ ಪ್ರತಿ ಸಲ ಸಕ್ರಮದ ಸುದ್ದಿ ಬಂದಾಗ ಸಂತೆಯಲ್ಲಿ ಏನಾಗುತ್ತೆ ಗೊತ್ತಾ? ಬ್ರೋಕರ್‌ಗಳು ‘ಇವತ್ತಲ್ಲ ನಾಳೆ ಇದೂ ಆಗುತ್ತೆ’ ಅಂತ ಹೇಳಿ ಮುಂದಿನ ಗದ್ದೆ ಮಾರ್ತಾರೆ. ಇವತ್ತಿನ ಸಕ್ರಮವನ್ನು ನಂಬಿಕೊಂಡೇ ನಾಳೆಯ ಅಕ್ರಮ ಸೈಟಿಗೆ ಬೆಲೆ ಕಟ್ಟುತ್ತಾರೆ.

ಅದಕ್ಕೆ ನಾನು ಹೇಳೋದು: ಜನ ವಾಸ ಇರುವ ಮನೆಗೂ ಮಾರಲು ಬಿಟ್ಟ ಖಾಲಿ ಸೈಟಿಗೂ ಒಂದೇ ದರ, ಒಂದೇ ನಿಯಮ ಬೇಡ. ಮನೆಗೆ ಸುಲಭ ಮಾಡಿ, ಖಾಲಿ ಸೈಟಿಗೆ ಅಭಿವೃದ್ಧಿಯ ಪೂರ್ತಿ ಖರ್ಚು ವಸೂಲು ಮಾಡಿ. ಬಂದ ದುಡ್ಡು ಅದೇ ಬಡಾವಣೆಯ ಹೆಸರಲ್ಲಿ ಬೇರೆ ಖಾತೆಯಲ್ಲಿರಲಿ, ಸಂಬಳಕ್ಕೆ ಹೋಗಬಾರದು. ಮತ್ತೆ ಹೊಳೆ ಕೇರಿಯ ಅಕ್ಕ ಹೇಳಿದ ಕಾಲುವೆ, ಗದ್ದೆಯವರು ಹೇಳಿದ ಚಾನಲ್, ಇವೆಲ್ಲ ಹಳೇ ಗ್ರಾಮ ನಕ್ಷೆಯಲ್ಲಿ ಗೆರೆ ಸಮೇತ ಇವೆ. ನಕಾಶೆ ದಾರಿಯೂ (ಗ್ರಾಮ ನಕ್ಷೆಯಲ್ಲಿ ಗುರುತಾದ ಹಳೇ ದಾರಿ) ಇದೆ. ಹೊಸದಾಗಿ ಕಂಡುಹಿಡಿಯೋದು ಏನೂ ಇಲ್ಲ. ಊರ ಗಡಿಯಿಂದ ಐದಾರು ಕಿಲೋಮೀಟರ್ ಒಳಗಿನ ಹಳ್ಳಿಗಳಲ್ಲಿ ಹಳ್ಳ, ಕಾಲುವೆ, ಮುಖ್ಯ ರಸ್ತೆ ಈ ಮೂರನ್ನೇ ಅಳೆದು ಕಲ್ಲು ನೆಟ್ಟುಬಿಟ್ಟರೆ, ಒಳಗೆ ಖಾಸಗಿಯವರು ಏನು ಮಾಡಿಕೊಂಡರೂ ಊರಿಗೆ ದೊಡ್ಡ ಹಾನಿ ಇಲ್ಲ. ಖರ್ಚೂ ಹೆಚ್ಚಲ್ಲ, ಸರ್ವೆ ತಂಡ ಮತ್ತು ಕಲ್ಲಿನ ಕಾಸು ಅಷ್ಟೆ.

ಲೇಔಟ್ ಕೆಲಸ:

ಇದಕ್ಕೆ ನನ್ನ ಸಹಮತ ಇದೆ. ಎಲ್ಲಿ ರಸ್ತೆ ಬರುತ್ತೆ ಅಂತ ಮೊದಲೇ ಕಲ್ಲು ಕಂಡರೆ ನಾನು ಜಮೀನಿಗೆ ಎಷ್ಟು ಕೊಡಬೇಕು ಅಂತ ನನಗೆ ಗೊತ್ತಾಗುತ್ತೆ. ಈಗ ಅದೃಷ್ಟ ನಂಬಿ ಅಡ್ವಾನ್ಸ್ ಕೊಡ್ತಿದ್ದೀವಿ.

ಗದ್ದೆ ಬಯಲು:

ಕಲ್ಲು ನೆಡೋದಾದ್ರೆ ಆ ಜಾಗಕ್ಕೆ ಪರಿಹಾರ ಎಂತ ಅಂತ ಅದೇ ದಿನ ಹೇಳಬೇಕು. ನೆಟ್ಟು ಹೋಗಿ ಹತ್ತು ವರ್ಷ ಬಿಟ್ಟು ಬರೋದಾದ್ರೆ ಕಲ್ಲು ಕಿತ್ತು ಹಾಕ್ತೀವಿ.

ತುಂಗಾತೀರ:

ನ್ಯಾಯವಾದ ಷರತ್ತು. ಸರ್ಕಾರಿ ಹಳ್ಳ, ಬಿ ಖರಾಬು (ಸಾಗುವಳಿಗೆ ಸೇರದ, ಸಾರ್ವಜನಿಕ ಬಳಕೆಯ ಜಾಗ), ನಕಾಶೆ ದಾರಿಗೆ ಪರಿಹಾರದ ಪ್ರಶ್ನೆ ಬರುವುದಿಲ್ಲ, ಅದನ್ನು ತಕ್ಷಣ ಗುರುತು ಮಾಡಬಹುದು. ಖಾಸಗಿ ಜಾಗದಲ್ಲಿ ಹಾಯುವ ಹೊಸ ರಸ್ತೆಗೆ ಮಾತ್ರ ಆ ಸ್ಕೀಮಿನ ಹಾಗೆ ಎಲ್ಲರಿಂದ ಸಮನಾಗಿ ತೆಗೆದು, ಯಾರಿಗೆ ಎಷ್ಟು ಅಂತ ಗೋಡೆ ಮೇಲೆ ಅಂಟಿಸಬೇಕು. ಒಂದು ಹಳ್ಳದ ಜಲಾನಯನದಲ್ಲಿ ಪ್ರಯೋಗ ಮಾಡಿ ನೋಡಲಿ ಎಂದು ಮನವಿ ಬರೆಯೋಣ. ಕರಡು ನಾನು ಮಾಡುತ್ತೇನೆ.

ಮಣ್ಣು ರಸ್ತೆ ಮನೆ:

ಮನವಿಯಲ್ಲಿ ಸಣ್ಣ ಸೈಟಿನ ಮಾತೂ ಇರಲಿ, ಮರೀಬೇಡಿ. ಸರ್ವೆಯರ್ ಸರ್, ನಮ್ಮ ಲೇಔಟಿನವರು ಈಗ ಏನು ಮಾಡಬಹುದು? ಪಕ್ಕದ ಜಮೀನಿನವರು ನಮ್ಮ ಕೊನೆ ಸಾಲಿನ ಹಿಂದಿನ ಕಾಲುವೆಗೆ ಮಣ್ಣು ತುಂಬಿಸ್ತಿದ್ದಾರೆ. ಮಳೆಗಾಲಕ್ಕೆ ಮೊದಲು ನಿಲ್ಲಿಸಬೇಕು.

ಹಳೆ ಸರ್ವೆಯರ್:

ಮೊದಲು ನಿಮ್ಮ ಸರ್ವೆ ನಂಬರಿನ ಮತ್ತು ಪಕ್ಕದ ನಂಬರಿನ ಪಹಣಿ, ಟಿಪ್ಪಣಿ (ಅಳತೆಯ ಮೂಲ ದಾಖಲೆ), ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ನಕ್ಷೆಯಲ್ಲಿ ಕಾಲುವೆ ಅಥವಾ ಹಳ್ಳ ಅಂತ ಇದ್ದರೆ, ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ ಅಂತ ನೋಡಿ. ಎರಡೂ ಹೊಂದಿದರೆ ನಿಮ್ಮ ಕೈಯಲ್ಲಿ ಗಟ್ಟಿ ದಾಖಲೆ ಇದೆ ಅಂತಲೇ ಅರ್ಥ. ಕಾಲುವೆಯ ಈಗಿನ ಫೋಟೊ, ಮಣ್ಣು ಹೊಡೆಯುವಾಗಿನ ಫೋಟೊ ದಿನಾಂಕ ಸಮೇತ ಇಟ್ಟುಕೊಳ್ಳಿ. ಎಷ್ಟು ಮನೆಯವರು ಸಿಗ್ತಾರೋ ಅಷ್ಟೂ ಜನ ಸಹಿ ಹಾಕಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಒತ್ತುವರಿ ಅಳತೆ ಮಾಡಿ ಅಂತ ಕೇಳಿ. ಚಾನಲ್ ಕಾಲುವೆ ಆಗಿದ್ದರೆ ನೀರಾವರಿ ಇಲಾಖೆಗೂ ಒಂದು ಪ್ರತಿ. ಸ್ವೀಕೃತಿ ಇಲ್ಲದೆ ಯಾವ ಅರ್ಜಿಯನ್ನೂ ಕೊಡಬೇಡಿ. ಭಾನುವಾರ ಬೆಳಿಗ್ಗೆ ನಕ್ಷೆ ಓದಿ ಕೊಡೋಕೆ ನಾನು ಬರ್ತೀನಿ, ಯಾವ ಹಳ್ಳಿ ಗಡಿ ಅಂತ ಖಾಸಗಿಯಾಗಿ ತಿಳಿಸಿ.